ಮಲೆಯ ಮೃಗಗಳೂ ನಮ್ಮ ದಾಸೋಹವೂ



ಅಕ್ಕಮಹಾದೇವಿಯವರ ವಚನಗಳಲ್ಲಿ ಬೆಟ್ಟ, ಮನೆ, ಮೃಗ ಈ ಮೂರೂ ಒಂದೆಡೆ ಕೂಡಿಬರುವ ವಚನವೊಂದುಂಟು. ಅದನ್ನು ಬಾಯಿಪಾಠವಾಗಿ ಬಲ್ಲವರು ಕೊಡಿಗೇಹಳ್ಳಿಯಂತಹ ಊರಿನಲ್ಲಿ ಇಂದಿಗೂ ಬೀದಿಗೊಬ್ಬರಾದರೂ ಸಿಕ್ಕಾರು. ಬೆಟ್ಟದಲ್ಲಿ ನೆಲೆಸಲು ಒಪ್ಪಿದವನು ಅಲ್ಲಿಯ ಮೃಗಗಳ ವಿಚಾರವಾಗಿ ಗೊಣಗುವುದು ಸಲ್ಲದು; ಹಾಗೆಯೇ ಲೋಕದಲ್ಲಿ ಹುಟ್ಟಿಬಂದವನು ಲೋಕದ ಸ್ತುತಿನಿಂದೆಗಳನ್ನು ಸಮಾಧಾನದಿಂದ ಸಹಿಸಬೇಕು ಎಂಬುದು ಅದರ ತಾತ್ಪರ್ಯ. ಪ್ರವಚನಗಳಲ್ಲಿ ಇಷ್ಟನ್ನು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಅಕ್ಕನವರು ಆ ದೃಷ್ಟಾಂತವನ್ನು ಆಯ್ದುಕೊಂಡಾಗ ಒಂದು ಸಂಗತಿಯನ್ನು ಯಾರೂ ಪ್ರಶ್ನಿಸಲಾರರೆಂದು ಎಣಿಸಿದ್ದರು. ಬೆಟ್ಟ ಮೃಗಗಳದು, ಮನುಷ್ಯನು ಅಲ್ಲಿಗೆ ಆಮೇಲೆ ಬಂದು ಸೇರಿದವನು, ಅಂಜಿಕೆ ಏನಿದ್ದರೂ ಅವನದು. ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ಉಳಿದುಬಂದ ಈ ಎಣಿಕೆ ನಮ್ಮ ಕಾಲದಲ್ಲಿ ತಲೆಕೆಳಗಾಗಿದೆ. ಈಗ ಬೆಟ್ಟದ ಮೃಗವೇ ಮನುಷ್ಯನಿಗೆ ಅಂಜಬೇಕಾಗಿದೆ. ಅದೂ ಬೆಟ್ಟಕ್ಕೆ ಎಂದೂ ಕಾಲಿಡದೆ, ನೂರಾರು ಮೈಲಿ ದೂರದಲ್ಲಿ ತನ್ನ ಪಾಡಿಗೆ ತಾನು ಸಂಸಾರ ನಡೆಸುತ್ತಿರುವ ಮನುಷ್ಯನಿಗೂ ಅಂಜಬೇಕಾಗಿದೆ. ಇದು ಹೇಗೆ ಎಂಬುದನ್ನು ಈ ಸಲ ವಿಚಾರಿಸೋಣ.

ಬೆಟ್ಟವೆಂದರೆ ಬರಿಯ ಕಲ್ಲುಮಣ್ಣುಗಳ ರಾಶಿಯಲ್ಲ, ಅದು ತಂಪಿನ ಮೆಟ್ಟಿಲು. ಸಾವಿರ ಮೀಟರು ಮೇಲೇರಿದರೆ ಉಷ್ಣಮಾನವು ಸರಿಸುಮಾರು ಆರು, ಆರೂವರೆ ಡಿಗ್ರಿ ಇಳಿಯುತ್ತದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರು. ಕೊಡಿಗೇಹಳ್ಳಿ ಇರುವ ಬೆಂಗಳೂರಿನ ಪ್ರಸ್ಥಭೂಮಿ ಸುಮಾರು 900 ಮೀಟರು. ನಾವು ಇಲ್ಲಿ ಬೆವರೊರೆಸಿಕೊಳ್ಳುತ್ತಿರುವಾಗ ಅಲ್ಲಿ ಶಾಲು ಬೇಕೆನಿಸುವುದು ಇದರಿಂದಲೇ. ಕರ್ನಾಟಕದ ಶಿಖರಗಳಲ್ಲೆಲ್ಲ ಎತ್ತರವಾದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1930 ಮೀಟರು. ಈ ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಬೇರೆಯ ಮರ, ಬೇರೆಯ ಹುಲ್ಲು, ಬೇರೆಯ ಹಕ್ಕಿ, ಬೇರೆಯ ಕಪ್ಪೆ ಉಂಟು. ತುದಿಯ ಮಂಜಿಗೆ ಒಗ್ಗಿದ ಜೀವಿ ಬುಡದ ಬಿಸಿಲಿನಲ್ಲಿ ಬಾಳಲಾರದು.

ಆ ಮೆಟ್ಟಿಲುಗಳೇ ಈಗ ಕದಲುತ್ತಿವೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಭಾಗದಷ್ಟಿದ್ದ ಇಂಗಾಲಾಮ್ಲವಾಯು, ಕಲ್ಲಿದ್ದಲು ಪೆಟ್ರೋಲುಗಳನ್ನು ಸುಟ್ಟ ಹೊಗೆಯಿಂದಲೂ ಕಾಡು ಕಡಿದುದರಿಂದಲೂ 420 ಭಾಗಗಳನ್ನು ಮೀರಿದೆ. ನೆಲದ ಕಾವನ್ನು ಹೊರಹೋಗಗೊಡದೆ ಅದು ಕಂಬಳಿಯಂತೆ ಭೂಮಿಯನ್ನು ಹೊದೆದುಕೊಂಡಿದೆ. 1850ರಿಂದ 1900ರವರೆಗಿನ ಅವಧಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣಮಾನ 1.1 ಡಿಗ್ರಿ ಹೆಚ್ಚಾಗಿತ್ತು. 2024ನೆಯ ವರ್ಷವೊಂದರಲ್ಲೇ ಆ ಏರಿಕೆ ಒಂದೂವರೆ ಡಿಗ್ರಿಯನ್ನು ದಾಟಿತು. ಆ ವರ್ಷದ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲು ಸುಟ್ಟದ್ದು ತಮಗೆ ನೆನಪಿರಬಹುದು. ಒಂದು ಡಿಗ್ರಿಯೆಂದರೆ ನಮಗೆ ಬೀಸಣಿಗೆಯ ಮಾತು. ಬೆಟ್ಟದ ಜೀವಿಗೆ ಒಂದು ಡಿಗ್ರಿಯೆಂದರೆ ಸುಮಾರು ನೂರೈವತ್ತು ಮೀಟರಿನ ವಲಸೆ. ತನ್ನ ಹಳೆಯ ತಂಪು ಬೇಕಾದರೆ ಅದು ಅಷ್ಟು ಮೇಲೆ ಹೋಗಬೇಕು. ಬೆಟ್ಟವಾದರೋ ಮೇಲೆ ಹೋದಂತೆಲ್ಲ ಕಿರಿದಾಗುತ್ತದೆ. ಶಂಕುವಿನ ಆಕಾರದ ಗುಡ್ಡವೊಂದನ್ನು ಅರ್ಧ ಎತ್ತರಕ್ಕೆ ಏರಿದರೆ ಅಲ್ಲಿ ಉಳಿಯುವ ನೆಲ ಬುಡದ ಕಾಲುಭಾಗ ಮಾತ್ರ. ಇನ್ನೂ ಮೇಲೆ ಹೋದರೆ ಇನ್ನೂ ಕಡಿಮೆ. ತುದಿಯನ್ನು ಮುಟ್ಟಿದ ಮೇಲೆ ಮುಂದೆ ಇರುವುದು ಆಕಾಶ. ಅಲ್ಲಿ ಹುಲ್ಲು ಬೆಳೆಯದು.

ಇನ್ನೊಂದು ಬೆಟ್ಟಕ್ಕೆ ಹೋಗಬಾರದೇ ಎಂದು ಕೇಳಬಹುದು. ಕೊಡಿಗೇಹಳ್ಳಿಯ ಮಗ್ಗುಲಲ್ಲೇ ಇರುವ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೆಂಬ ಸಂಶೋಧನಾಲಯವುಂಟು. ಅಲ್ಲಿಯ ವಿಜ್ಞಾನಿಗಳೂ ಅವರ ಜೊತೆಗಾರರೂ ಪಶ್ಚಿಮಘಟ್ಟದ ಎತ್ತರದ ಶೋಲಾ ಕಾಡುಗಳ ಹಕ್ಕಿಗಳನ್ನು ಪರೀಕ್ಷಿಸಿ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಎರಡು ಹಕ್ಕಿಕುಲಗಳನ್ನು 2017ರಲ್ಲಿ ಹೊಸದಾಗಿ ಗುರುತಿಸಿದರು. ಶೋಲಿಕೋಲ ಎಂಬುದು ಅವುಗಳಲ್ಲೊಂದು. ಆ ಕುಲದಲ್ಲಿ ನೀಲಗಿರಿಯ ಕಡೆ ಇರುವುದು ನೀಲಿ ಮೈಯ, ಕೆಂಗಂದು ಪಕ್ಕೆಯ ಒಂದು ಪುಟ್ಟ ಹಕ್ಕಿ. ಒಂದು ಶಿಖರದಲ್ಲಿರುವ ಇಂತಹ ಹಕ್ಕಿ ಎದುರಿಗೆ ಕಾಣುವ ಇನ್ನೊಂದು ಶಿಖರಕ್ಕೆ ಹೋಗದು. ನಡುವಣ ಬಿಸಿಲು ಕಣಿವೆ ಅದಕ್ಕೆ ಸಮುದ್ರವಿದ್ದಂತೆ. ಎಂತಲೇ ವಿಜ್ಞಾನಿಗಳು ಈ ಶಿಖರಗಳನ್ನು ಆಕಾಶದ್ವೀಪಗಳೆಂದು ಕರೆಯುತ್ತಾರೆ. ನೀಲಗಿರಿ, ಆನೆಮಲೆಗಳ ಬೆಟ್ಟದ ಆಡು, ತಮಿಳರು ವರೈಯಾಡು ಎನ್ನುವುದು, ಇದೇ ಇಕ್ಕಟ್ಟಿನಲ್ಲಿದೆ. ಅದರ ರಕ್ಷಣೆಗೆಂದೇ ತಮಿಳುನಾಡು ಸರ್ಕಾರವು 2022ರಲ್ಲಿ ಪ್ರತ್ಯೇಕ ಯೋಜನೆಯೊಂದನ್ನು ಸಾರಿತು. ಕಪ್ಪೆಗಳ ಸ್ಥಿತಿಯಂತೂ ಇನ್ನೂ ಸೂಕ್ಷ್ಮವಾದುದು. ಘಟ್ಟದ ಗಿಡಗಪ್ಪೆಗಳಲ್ಲಿ ಅನೇಕವು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಒದ್ದೆ ಎಲೆಗಳ ನಡುವೆ ಇಡುತ್ತವೆ, ಗೊದಮೊಟ್ಟೆಯ ದಶೆಯಿಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಮಳೆಗಾಲದ ನಡುವೆ ಹತ್ತು ದಿನ ಬಿಸಿಲು ಕಾದರೆ ಆ ಮೊಟ್ಟೆ ಒಣಗಿಹೋಯಿತು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನು ಹೊತ್ತ ಕಪ್ಪೆಯೊಂದುಂಟು. ಹಳ್ಳದ ಸದ್ದಿನಲ್ಲಿ ತನ್ನ ಕೂಗು ಕೇಳಿಸದೆಂದು ಗಂಡುಗಪ್ಪೆಯು ಹಿಂಗಾಲನ್ನು ಚಾಚಿ ಚಾಚಿ ಹೆಣ್ಣನ್ನು ಕರೆಯುತ್ತದೆ. ಆದುದರಿಂದ ಅದಕ್ಕೆ ನರ್ತಿಸುವ ಕಪ್ಪೆ ಎಂದು ಹೆಸರು. ಹಳ್ಳವೇ ಬತ್ತಿದರೆ ಆ ನರ್ತನವನ್ನು ನೋಡುವವರಾರು? ಆ ಕುಲದ ಬಹುಪಾಲು ಪ್ರಭೇದಗಳು ಈಗ ಅಳಿವಿನ ಭಯವುಳ್ಳವುಗಳ ಪಟ್ಟಿಯಲ್ಲಿವೆ. ಅಷ್ಟು ದೂರ ಹೋಗುವುದೇಕೆ? ನಮ್ಮ ನಂದಿಬೆಟ್ಟದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವೊಂದುಂಟು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಅದಿಲ್ಲ. ಭಾನುವಾರ ಮುಂಜಾನೆ ಮೋಡ ನೋಡಲು ಸಾಲುಸಾಲಾಗಿ ವಾಹನಗಳಲ್ಲಿ ಹೋಗುವವರಲ್ಲಿ ಎಷ್ಟು ಮಂದಿ ಅದನ್ನು ಕಂಡಿದ್ದಾರೆಯೋ ಕಾಣೆ.

ಇಲ್ಲಿಗೆ ಬಂದಾಗ ನಮ್ಮ ಸಮಾಜದಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ನಾವು ಲಿಂಗವಂತರು, ಮಾಂಸವನ್ನು ಮುಟ್ಟುವವರಲ್ಲ, ಕೋವಿಯನ್ನು ಹಿಡಿಯುವವರಲ್ಲ. ಪ್ರಾಣಿಹಿಂಸೆಯ ದೋಷ ನಮ್ಮನ್ನು ತಟ್ಟದು ಎಂಬುದೇ ಆ ಉತ್ತರ. ಈ ಸಮಾಧಾನವನ್ನು ಸ್ವಲ್ಪ ಕೆದಕಿ ನೋಡಬೇಕಾಗಿದೆ. ಹಿಂಸೆ ಎಂಬುದು ಕೈಗೂ ಕತ್ತಿಗೂ ಮಾತ್ರ ಸಂಬಂಧಿಸಿದ್ದಾದರೆ ನಮ್ಮ ಹಿರಿಯರು ಆಚಾರವನ್ನು ಊಟದೆಲೆಯ ಅಂಚಿನಲ್ಲೇ ನಿಲ್ಲಿಸುತ್ತಿದ್ದರು. ಅವರು ಹಾಗೆ ನಿಲ್ಲಿಸಲಿಲ್ಲ. ಬಸವಣ್ಣನವರು ಕುಲಜನನ್ನು ಗುರುತಿಸಿದ್ದು ಅವನು ಏನನ್ನು ತಿನ್ನುವುದಿಲ್ಲ ಎಂಬುದರಿಂದಷ್ಟೇ ಅಲ್ಲ, ಎಲ್ಲ ಜೀವಿಗಳ ಒಳಿತನ್ನು ಬಯಸುವನೋ ಇಲ್ಲವೋ ಎಂಬುದರಿಂದ. ಬಯಸುವುದೆಂದರೆ ಬಾಯಿಮಾತಿನ ಹಾರೈಕೆಯಲ್ಲ. ನನ್ನ ನಡೆಯಿಂದ ಅದಕ್ಕೆ ಕೇಡಾಗುತ್ತಿದೆಯೇ ಎಂದು ವಿಚಾರಿಸುವುದೂ ಬಯಕೆಯ ಒಳಗೇ ಸೇರಿದೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆಯನ್ನು ಹೇಳಿ ನಾವು ಹಗುರಾಗುವಂತಿಲ್ಲ. ಕಾಡಿನ ಕಡವೆಗೆ ಆತನು ಹುಲ್ಲನ್ನೇ ಕೊಟ್ಟಿದ್ದನು. ಅದು ಒಣಗಿದ್ದಕ್ಕೆ ಕಾರಣ ಬೇರೆ. ಇನ್ನು ಕೆಲವರು ಜಂಗಮವೆಂದರೆ ಚರಿಸುವುದು, ಮೃಗವೂ ಚರಿಸುತ್ತದೆ, ಆದುದರಿಂದ ಮೃಗಸೇವೆಯೇ ಜಂಗಮಸೇವೆ ಎಂದು ವ್ಯಾಖ್ಯಾನಿಸುವುದನ್ನು ಕೇಳಿದ್ದೇನೆ. ಕೋಶದಲ್ಲಿ ಆ ಅರ್ಥವಿರುವುದು ನಿಜ. ಆದರೆ ಶಬ್ದಚಮತ್ಕಾರದಿಂದ ಧರ್ಮ ಹುಟ್ಟದು. ಅದರ ಅವಶ್ಯಕತೆಯೂ ನಮಗಿಲ್ಲ. ಶರಣರ ಕಾಯಕತತ್ತ್ವದಲ್ಲಿಯೇ ಬೇಕಾದಷ್ಟು ಆಧಾರವಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ತಮಗೆಲ್ಲ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಕದ್ದುದಲ್ಲ, ಬೇಡಿದುದಲ್ಲ, ಆಯ್ದುದೇ. ಆದರೂ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ನಮಗೆ ಬೇಕಾದುದಕ್ಕಿಂತ ಇದು ಹೆಚ್ಚಾಯಿತು, ಹೋಗಿ ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಮಾರಯ್ಯನವರ ಆಸೆಯನ್ನು ಕುರಿತು ಮಾತನಾಡುತ್ತೇವೆ. ನನಗೆ ಮುಖ್ಯವೆನಿಸುವುದು ಲಕ್ಕಮ್ಮನವರ ಅಳತೆಗಣ್ಣು. ನ್ಯಾಯವಾಗಿ ದೊರೆತುದೂ ಒಂದು ಅಳತೆಯನ್ನು ಮೀರಿದರೆ ಇನ್ನೊಬ್ಬರ ಪಾಲಾಗುತ್ತದೆ ಎಂಬುದನ್ನು ಆ ತಾಯಿ ಮೊರ ನೋಡಿಯೇ ಹೇಳಬಲ್ಲವರಾಗಿದ್ದರು. ನಮ್ಮ ಮನೆಗಳಲ್ಲಿ ಈಗ ಆ ಮೊರವಿಲ್ಲ. ಗುಂಡಿಯೊತ್ತಿದರೆ ತಂಪುಯಂತ್ರ ತಿರುಗುತ್ತದೆ. ಅದಕ್ಕೆ ಹರಿದುಬರುವ ವಿದ್ಯುತ್ತಿನಲ್ಲಿ ನೀರು, ಗಾಳಿ, ಬಿಸಿಲುಗಳ ಪಾಲೂ ಇದೆಯೆನ್ನೋಣ. ಉಳಿದುದಕ್ಕಾಗಿ ರಾಯಚೂರಿನ ಶಕ್ತಿನಗರದಲ್ಲಿಯೂ ಬಳ್ಳಾರಿಯ ಕುಡಿತಿನಿಯಲ್ಲಿಯೂ ಕಲ್ಲಿದ್ದಲು ಉರಿಯುತ್ತಿರುತ್ತದೆ. ನಮ್ಮ ಕೋಣೆ ತಣ್ಣಗಾಗುತ್ತದೆ, ಶಿಖರ ಬಿಸಿಯಾಗುತ್ತದೆ. ಹಣವನ್ನು ನಾವು ತೆತ್ತಿರುವುದರಿಂದ ಕದ್ದೆವೆಂದು ಯಾರೂ ಹೇಳರು. ಮಾರಯ್ಯನವರನ್ನೂ ಯಾರೂ ಹಾಗೆ ಹೇಳಿರಲಿಲ್ಲ.

ಈ ತಪ್ಪು ಹೊರದೇಶದವರದು ಎಂಬ ವಾದದಲ್ಲಿ ಸತ್ಯಾಂಶ ಇಲ್ಲದಿಲ್ಲ. ಅಮೆರಿಕಾದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲಾಮ್ಲವಾಯು ಹೊರಬೀಳುತ್ತಿದ್ದರೆ ಭಾರತದಲ್ಲಿ ಅದು 2 ಟನ್ನಿನ ಆಸುಪಾಸಿನಲ್ಲಿದೆ. ಹಿಂದಿನ ನೂರೈವತ್ತು ವರ್ಷಗಳ ಸಾಲವೂ ಹೆಚ್ಚಾಗಿ ಅವರದೇ. ಆದರೆ ಭಾರತದ ಸರಾಸರಿಯೆಂಬ ಆ ಎರಡು ಟನ್ನಿನೊಳಗೆ ಎರಡು ಕಾರುಗಳ ಮನೆಯೂ ಸೇರಿದೆ, ಹುಲ್ಲುಗುಡಿಸಲೂ ಸೇರಿದೆ. ನಾವು ಅಮೆರಿಕಾದವನ ಕಡೆ ಬೆರಳು ತೋರಿಸುವಾಗ ಮಲೆಯ ದನಗಾಹಿ ನಮ್ಮ ಕಡೆ ಬೆರಳು ತೋರಿಸಬಹುದು. ಅವನು ತೋರಿಸುತ್ತಿಲ್ಲವೆಂಬುದು ಅವನ ಸೌಜನ್ಯ.

ಆ ದನಗಾಹಿಯ ಊರಿಗೆ ಹೋಗುವ ದಾರಿ ನಂದಿಬೆಟ್ಟದಲ್ಲೇ ತೊಡಗುತ್ತದೆ. ಅಲ್ಲಿ ಹುಟ್ಟುವ ಅರ್ಕಾವತಿಯು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಕಟ್ಟೆಗಳನ್ನು ದಾಟಿ, ರಾಮನಗರದ ಬಂಡೆಬೆಟ್ಟಗಳ ಬಳಿ ಸಾಗಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. (ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದನಗಳಿಗೆ ಕೊಟ್ಟ ನೋವಿನ ಮದ್ದೊಂದು ಸತ್ತ ದನದ ಮೂಲಕ ದೇಶದ ರಣಹದ್ದುಗಳನ್ನು ಹೇಗೆ ನಿರ್ನಾಮದ ಅಂಚಿಗೆ ತಂದಿತೆಂಬುದು ಬೇರೆಯೇ ಒಂದು ದುಃಖದ ಅಧ್ಯಾಯ.) ಸಂಗಮದ ಆಚೆ ದಡದಿಂದ ಕಾಡು, ಕಾಡಿನಾಚೆ ಮಲೆ ಮಹದೇಶ್ವರರ ಎಪ್ಪತ್ತೇಳು ಮಲೆಗಳು. ಶಿವರಾತ್ರಿಗೆ ಬೆಂಗಳೂರು, ರಾಮನಗರ, ಮಂಡ್ಯದ ಕಡೆಗಳಿಂದ ಸಾವಿರಾರು ಭಕ್ತರು ಕಾವೇರಿಯನ್ನು ಕಾಲ್ನಡೆಯಲ್ಲೇ ಹಾಯ್ದು ಬೆಟ್ಟಕ್ಕೆ ಹೋಗುತ್ತಾರೆ. ಮಹದೇಶ್ವರರು ಹುಲಿಯನ್ನೇರಿದವರು. ಉಳಿದ ಪವಾಡಪುರುಷರು ದುಷ್ಟಮೃಗವನ್ನು ಕೊಂದರೆಂದು ಕಥೆಗಳಿರುವಲ್ಲಿ, ಈ ಜಂಗಮರು ಅದನ್ನು ಕೊಲ್ಲಲಿಲ್ಲ, ಓಡಿಸಲಿಲ್ಲ; ಅದರ ಬೆನ್ನ ಮೇಲೆ ಕುಳಿತು ಮಲೆಯನ್ನು ಸುತ್ತಿದರು. ಕಂಸಾಳೆಯ ಗುಡ್ಡರು ಇಂದಿಗೂ ಹಾಡುವುದು ಅದನ್ನೇ. ಈ ಮಲೆಗಳನ್ನು ಸರ್ಕಾರವು 2013ರಲ್ಲಿ ವನ್ಯಜೀವಿ ಧಾಮವೆಂದು ಸಾರಿತು.

ಆ ಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿರುವುದು ಕಂಡುಬಂದಿತು. ಹುಲಿ ಕೊಂದಿದ್ದ ಹಸುವಿನ ದೇಹಕ್ಕೆ ವಿಷವಿಕ್ಕಲಾಗಿತ್ತು. ಹಸುವನ್ನು ಕಳೆದುಕೊಂಡ ಸೇಡು ಇದರ ಹಿಂದಿತ್ತೆಂಬುದು ತನಿಖೆಯಲ್ಲಿ ಹೊರಬಿದ್ದಿತು. ವಾರ್ತೆಯನ್ನು ಓದಿ ಬೆಂಗಳೂರಿನ ಭಕ್ತರು ಮರುಗಿದರು. ಮಾದಪ್ಪನ ವಾಹನಕ್ಕೇ ವಿಷವಿಟ್ಟರಲ್ಲಾ ಎಂದು ಬೈದವರೂ ಉಂಟು. ಈ ಸಾವಿಗೆ ಹವೆಯನ್ನು ದೂರುವುದು ಸರಿಯಲ್ಲ; ವಿಷವಿಕ್ಕಿದುದು ಮನುಷ್ಯನ ಕೈ. ಆದರೂ ಹಸುವೂ ಹುಲಿಯೂ ಒಂದೇ ಹುಲ್ಲಿನ ತುಣುಕಿನ ಮೇಲೆ ಬಂದು ನಿಲ್ಲುವಂತೆ ಮಾಡಿದುದು ಏನೆಂದು ಕೇಳಬೇಡವೇ? 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷ ಊರ ಗೋಮಾಳ ಒಣಗುತ್ತದೆ, ದನಗಾಹಿ ಕಾಡಿನ ಒಳಕ್ಕೆ ಹೋಗುತ್ತಾನೆ. ಮೇಲಿನ ಹಳ್ಳ ಬತ್ತುತ್ತದೆ, ಕಡವೆ ನೀರನ್ನು ಅರಸುತ್ತ ಕೆಳಕ್ಕೆ ಬರುತ್ತದೆ, ಅದರ ಬೆನ್ನಿಗೆ ಹುಲಿಯೂ ಬರುತ್ತದೆ. ಮಳೆ ಬಂದರೂ ಹಿಂದಿನಂತೆ ಹದವಾಗಿ ಬಾರದೆ ಒಮ್ಮೆಗೇ ಸುರಿದು ಹರಿದುಹೋಗುತ್ತದೆ, ಆಮೇಲೆ ವಾರಗಟ್ಟಲೆ ಬಿಸಿಲು. ಬಿಸಿಯಾಗುತ್ತಿರುವ ಲೋಕದಲ್ಲಿ ಇಂತಹ ವರ್ಷಗಳು ಪದೇಪದೇ ಬರುವುವೆಂದು ಬಲ್ಲವರು ಹೇಳುತ್ತಾರೆ. ಇತ್ತ ಬಡವನ ಹಸು ಎಂದರೆ ಪ್ರಾಣಿ ಮಾತ್ರವಲ್ಲ. ಮಗಳ ಮದುವೆಯ ಸಾಲ, ಮಗನ ಶಾಲೆಯ ಶುಲ್ಕ, ಬೆಳಗಿನ ಹಾಲಿನ ಲೆಕ್ಕ ಎಲ್ಲವೂ ಅದರ ಕೊರಳಹಗ್ಗಕ್ಕೆ ಕಟ್ಟಿರುತ್ತವೆ. ಅದು ಹೋದ ರಾತ್ರಿ ಅವನ ಮನೆಯಲ್ಲಿ ಒಲೆ ಹೊತ್ತಿತೇ ಎಂದು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ವಿಷವಿಕ್ಕಿದುದು ಘೋರವಾದ ಪಾಪ. ಅದಕ್ಕೆ ಕಾನೂನು ದಂಡನೆ ವಿಧಿಸಲಿ. ಆದರೆ ಹುಲಿಯನ್ನು ಕಾಪಾಡಬೇಕೆಂಬ ಪುಣ್ಯ ನಮ್ಮದು, ಹುಲಿಯ ಊಟದ ಖರ್ಚು ಅವನದು ಎಂಬ ವ್ಯವಸ್ಥೆ ಬಹುಕಾಲ ನಿಲ್ಲದು. ಅದು ದಾಸೋಹವಂತೂ ಅಲ್ಲ. ದಾಸೋಹದಲ್ಲಿ ಉಣಬಡಿಸುವವನೇ ಅಕ್ಕಿಯನ್ನೂ ತರಬೇಕು.

ಕೊಡಿಗೇಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಹೆಸರಿನಲ್ಲೇ ಆ ಅರ್ಥ ಅಡಗಿದೆ. ಕೊಡಿಗೆ ಎಂಬುದು ಶಾಸನಗಳ ಶಬ್ದ. ಕೆರೆಯ ದುರಸ್ತಿಗೋ, ಊರ ಸೇವೆಗೋ, ಊರಿಗಾಗಿ ಪ್ರಾಣ ತೆತ್ತವನ ಸಂತತಿಗೋ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಕೆರೆ ಕಾಯುವವನು ಬರಿಗೈಯಲ್ಲಿ ಕಾಯಲಾರನು, ಅವನ ಹೊಟ್ಟೆಗೆ ಊರೇ ದಾರಿ ಮಾಡಬೇಕು ಎಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ತೋಡಿಸಿದಾಗ ಅದರ ನೀರನ್ನು ಕುಡಿಯಲು ಬಂದ ಪಶುಪಕ್ಷಿಗಳ ಕುಲಗೋತ್ರಗಳನ್ನು ಯಾರೂ ವಿಚಾರಿಸಲಿಲ್ಲ. ಮಲೆಯಂಚಿನ ದನಗಾಹಿಯೂ ಈಗ ಒಂದು ಬಗೆಯಲ್ಲಿ ಕೆರೆ ಕಾಯುವವನೇ. ಅವನು ಸಹನೆಗೆಟ್ಟ ದಿನ ಮಲೆ ಬರಿದಾಗುತ್ತದೆ. ಅವನಿಗೆ ನಮ್ಮ ಕೊಡಿಗೆ ಏನು? ದನವನ್ನು ಹುಲಿ ಕೊಂದರೆ ಸರ್ಕಾರದ ಪರಿಹಾರವುಂಟು. ಆದರೆ ಅರ್ಜಿ, ಪಂಚನಾಮೆ, ವೈದ್ಯರ ಪತ್ರ ಇಷ್ಟೆಲ್ಲ ಮುಗಿದು ಹಣ ಕೈಗೆ ಬರುವವರೆಗೆ ಹಾಲು ಕರೆಯುವ ಹೊತ್ತು ದಿನಕ್ಕೆರಡು ಸಲ ಬಂದುಹೋಗುತ್ತಲೇ ಇರುತ್ತದೆ.

ಕಾಡಿನ ಒಳಗಿನ ಮಾತನ್ನೂ ಸ್ವಲ್ಪ ಹೇಳಬೇಕು. ಮಹದೇಶ್ವರ ಬೆಟ್ಟಕ್ಕೂ ಅದರ ನೆರೆಯ ಬಿಳಿಗಿರಿರಂಗನ ಬೆಟ್ಟಕ್ಕೂ ಮೂಲನಿವಾಸಿಗಳು ಸೋಲಿಗರು. ಬೇಸಿಗೆ ಮೊದಲಾಗುವಾಗ ನೆಲದ ತರಗೆಲೆಗಳಿಗೆ ಸಣ್ಣ ಬೆಂಕಿಯನ್ನು ಹಚ್ಚುವುದು ಅವರ ಹಳೆಯ ಪದ್ಧತಿ; ತರಗುಬೆಂಕಿ ಎಂದು ಅದರ ಹೆಸರು. ಎಲೆ ಸುಡುತ್ತಿತ್ತು, ಮರ ಸುಡುತ್ತಿರಲಿಲ್ಲ. ಮಳೆ ಬಿದ್ದೊಡನೆ ಹೊಸ ಹುಲ್ಲು ಏಳುತ್ತಿತ್ತು. ಬಿಳಿಗಿರಿಯು 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಆಮೇಲೆ ಹಬ್ಬಿದುದು ಲಾಂಟಾನ. ಹೂವಿನ ಗಿಡವೆಂದು ಹೊರದೇಶದಿಂದ ತಂದ ಈ ಪೊದೆ, ಬಿಳಿಗಿರಿಯಲ್ಲಿ 1997ಕ್ಕೂ 2008ಕ್ಕೂ ನಡುವೆ ಅದು ಕಂಡುಬರುವ ಸ್ಥಳಗಳ ಸಂಖ್ಯೆ ಸರಿಸುಮಾರು ಇಮ್ಮಡಿಯಾಗುವಷ್ಟು ಹರಡಿತು. ಅದರ ಅಡಿಯಲ್ಲಿ ಹುಲ್ಲು ಬೆಳೆಯದು. ಕಡವೆಗೂ ಕಾಟಿಗೂ ಅದು ಮೇವಲ್ಲ. ಒಣಗಿದರೆ ಬೆಂಕಿಯನ್ನು ಮರದ ತಲೆಗೆ ಏರಿಸುವ ಏಣಿಯಾಗುತ್ತದೆ. ಸಣ್ಣ ಬೆಂಕಿಯನ್ನು ನಿಲ್ಲಿಸಿದೆವು, ದೊಡ್ಡ ಬೆಂಕಿಗೆ ಸೌದೆ ಕೂಡಿಸಿದೆವು ಎಂದು ಸೋಲಿಗ ಹಿರಿಯರು ಹೇಳುವುದನ್ನು ವಿದ್ವಾಂಸರೂ ಈಗ ಗೌರವದಿಂದ ಕೇಳುತ್ತಿದ್ದಾರೆ. 2011ರಲ್ಲಿ ಅಲ್ಲಿಯ ಸೋಲಿಗರ ಊರುಗಳಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆತುದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ಮಹದೇಶ್ವರ ಬೆಟ್ಟದಲ್ಲಿ ಈ ಲಾಂಟಾನವನ್ನೇ ಕಡಿದು, ಬೇಯಿಸಿ, ತೊಗಟೆ ಸುಲಿದು ಕುರ್ಚಿ ಮೇಜು ಬುಟ್ಟಿಗಳನ್ನು ಮಾಡುವವರುಂಟು. ನಮ್ಮ ನೆರೆಯ ಜಕ್ಕೂರಿನ ಕಡೆ ಇರುವ ಸಂಶೋಧನಾ ಸಂಸ್ಥೆಯೊಂದು ಅದಕ್ಕೆ ನೆರವಾಯಿತು. ಇದೂ ಕಾಯಕವೇ. ನಮ್ಮ ಮನೆಗೆ ಬೆತ್ತದ ಕುರ್ಚಿ ಬೇಕೆನಿಸಿದಾಗ ಇದನ್ನು ನೆನೆಯಬಹುದು. ಪರಿಸರದ ದಿನ ಗುಂಡಿ ತೋಡಿ, ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು, ಮರುದಿನದಿಂದ ನೀರು ಹಾಕುವುದನ್ನು ಮರೆಯುವ ಸಮಾರಂಭಕ್ಕಿಂತ ಇದು ಎಷ್ಟೋ ಮೇಲು.

ಬೆಂಕಿಯ ವಿಚಾರದಲ್ಲಿ ಯಾತ್ರಿಕರ ಹೊಣೆ ನೇರವಾದುದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಡೆ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳನ್ನೂ ಒಳಗೊಂಡು, ಸುಮಾರು ಹತ್ತು ಸಾವಿರ ಎಕರೆ ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಹಕ್ಕಿ ಹಾರೀತು, ಆನೆ ಓಡೀತು. ಆಮೆ, ಹಾವು, ನೆಲದ ಮೇಲಿನ ಗೂಡಿನ ಮೊಟ್ಟೆ ಏನು ಮಾಡಬೇಕು? ನಮ್ಮ ಕಾಡುಗಳಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿ ಅಪರೂಪ. ಹೆಚ್ಚಿನದೆಲ್ಲ ಮನುಷ್ಯನ ಕೈಯಿಂದಲೇ. ಶಿವರಾತ್ರಿ ಬರುವುದು ಸರಿಯಾಗಿ ಅದೇ ಋತುವಿನಲ್ಲಿ. ಹುಲ್ಲೆಲ್ಲ ಒಣಗಿ ನಿಂತಿರುವಾಗ ಸಾವಿರಾರು ಮಂದಿ ಕಾಡನ್ನು ಹಾಯುತ್ತೇವೆ. ದಾರಿಯಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡಿ, ಕೆಂಡವನ್ನು ಆರಿಸದೆ ಎದ್ದುಹೋಗುವುದು, ಬೀಡಿಯ ತುಂಡನ್ನು ಎಸೆಯುವುದು, ಹಳ್ಳದ ಪಾತ್ರದಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಸಾಲನ್ನು ಬಿಟ್ಟುಹೋಗುವುದು, ಇವು ಭಕ್ತಿಯ ಯಾವ ಸ್ಥಲಕ್ಕೆ ಸೇರುತ್ತವೆಂದು ಷಟ್‌ಸ್ಥಲವನ್ನು ಬಲ್ಲವರು ಹೇಳಬೇಕು. ಕಾಲ್ನಡೆಯಲ್ಲಿ ಹೋಗಲಾರದವರು ಮನೆಗೊಂದು ಕಾರಿನಂತೆ ಹೊರಡುವುದಕ್ಕಿಂತ ಸಾರಿಗೆ ಬಸ್ಸಿನಲ್ಲಿ ತಾಳುಬೆಟ್ಟದವರೆಗೆ ಹೋಗಿ ಅಲ್ಲಿಂದ ಮೆಟ್ಟಿಲೇರುವುದು ಒಳ್ಳೆಯದು. ಮುಳ್ಳಯ್ಯನಗಿರಿಯ ವಾಹನಗಳ ನೂಕುನುಗ್ಗಲನ್ನು ತಡೆಯಲು ಜಿಲ್ಲಾಡಳಿತವೇ 2025ರಲ್ಲಿ ಮಿತಿ ಹಾಕಬೇಕಾಯಿತು. ಗುರುವಿನ ಗದ್ದುಗೆಗೆ ಹೋಗುವವರಿಗೂ ಸರ್ಕಾರದ ಚೀಟಿಯೇ ಮಿತಿಯನ್ನು ಕಲಿಸಬೇಕೇ?

ಇನ್ನು ದನಗಾಹಿಗೆ ಸಲ್ಲಬೇಕಾದ ಕೊಡಿಗೆಯ ಮಾತು. ಹುಲಿಗೆ ಹಸುವನ್ನು ಬಿಟ್ಟುಕೊಡು ಎಂದು ಬಡವನಿಗೆ ಬುದ್ಧಿ ಹೇಳುವುದು ಹೇಗೆ ಎಂದು ಹಿರಿಯ ಭಕ್ತರೊಬ್ಬರು ಕೇಳಿದರು. ಹಾಗೆ ಹೇಳಬೇಕಾಗಿಲ್ಲ. ಅವನ ದನ ಬೇಸಿಗೆಯ ಮೂರು ತಿಂಗಳು ಕಾಡಿಗೆ ಹೋಗದಂತೆ ಮಾಡಿದರೆ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ. ದನ ಕೊಟ್ಟಿಗೆಯಲ್ಲಿ ಉಳಿಯಬೇಕಾದರೆ ಕೊಟ್ಟಿಗೆಯಲ್ಲಿ ಮೇವಿರಬೇಕು. ಪ್ರತಿವರ್ಷ ಬೆಟ್ಟಕ್ಕೆ ಹೋಗುವ ಮನೆಗಳು ಹತ್ತು ಹತ್ತಾಗಿ ಕೂಡಿಕೊಂಡು, ಅನ್ನದಾಸೋಹಕ್ಕೆ ಅಕ್ಕಿಬೇಳೆಯನ್ನು ಕಳುಹಿಸುವಂತೆಯೇ, ಮಲೆಯಂಚಿನ ಒಂದೊಂದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದೊಂದು ಲಾರಿ ಒಣಹುಲ್ಲನ್ನು ಕಳುಹಿಸಬಹುದು. ಲೆಕ್ಕ ಸಂಘದಲ್ಲಿರುತ್ತದೆ, ಯಾರ ಮನೆಗೆ ಎಷ್ಟು ಹೊರೆ ಹೋಯಿತೆಂಬುದು ಊರವರ ಕಣ್ಣೆದುರಿಗೇ ಇರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ತೀರಿದ ಮೇಲೆ, ಪುಷ್ಯಮಾಸದಲ್ಲಿ ರಾಗಿಹುಲ್ಲು ಸುಲಭವಾದ ಬೆಲೆಗೆ ಸಿಗುತ್ತದೆ. ಶಿವರಾತ್ರಿಯ ಹೊತ್ತಿಗೆ ಮೆದೆಗಳು ಕರಗಿ ಬೆಲೆ ಏರಿರುತ್ತದೆ. ಆದಕಾರಣ ಹಣವನ್ನು ಕೂಡಿಸುವುದಿದ್ದರೆ ಕಾರ್ತಿಕದಲ್ಲೇ ಕೂಡಿಸಿ, ಹುಲ್ಲನ್ನು ಸಂಕ್ರಾಂತಿಯೊಳಗೆ ಕೊಂಡು, ಮಲೆಯ ಹಳ್ಳಗಳು ಬತ್ತುವುದಕ್ಕೆ ಮೊದಲೇ ಸಾಗಿಸತಕ್ಕದ್ದು.